ಮುಳ್ಳುಸೌತೆಯ ಮೇಲೆ ಏನು ಸುರಿಯೋಣ?



ಕೆಲವು ತಿಂಗಳ ಹಿಂದೆ ಒಂದು ಭಾನುವಾರ, ಬೆಳಗಿನ ಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ, ನಮ್ಮ ಧರ್ಮಕೇಂದ್ರದ ಅಮ್ಮ ಒಬ್ಬರು ಗುರುಮನೆಯ ಜಗಲಿಗೆ ಬಂದರು. ಕೈಯಲ್ಲಿ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಏನೋ ಒಂದು ಇತ್ತು. ಮನೆಯಲ್ಲಿ ಹಲಸಿನ ಹಪ್ಪಳ ಮಾಡಿದಾಗ ಹೀಗೆಯೇ ಸುತ್ತಿ ತಂದುಕೊಡುವವರು ಅವರು. ಆದ್ದರಿಂದ ನಾವು ಸಂತೋಷದಿಂದಲೇ ಕೈ ಚಾಚಿದೆವು. ಬಿಚ್ಚಿ ನೋಡಿದರೆ ಒಳಗೆ ಅರ್ಧ ಖಾಲಿಯಾದ ಒಂದು ಬಾಟಲಿ. ಅದರ ಮೇಲೆ ಹಸಿರು ಎಲೆಯ ಚಿತ್ರ, ದಪ್ಪ ಅಕ್ಷರಗಳಲ್ಲಿ 'ಲೋ ಫ್ಯಾಟ್ ಸಲಾಡ್ ಡ್ರೆಸಿಂಗ್' ಎಂಬ ಹೆಸರು.

"ಫಾದರ್, ಇದು ಒಳ್ಳೆಯದೋ ಕೆಟ್ಟದ್ದೋ ನೀವೇ ಓದಿ ಹೇಳಬೇಕು. ಇವರ ಹತ್ತಿರ ಮಾತಾಡಿ ಮಾತಾಡಿ ನನಗೆ ಸಾಕಾಯಿತು" ಎಂದರು.

ವಿಷಯ ಇಷ್ಟು. (ಅವರಿಬ್ಬರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ.) ಅವರ ಯಜಮಾನರು ಬಹಳ ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಕಳೆದ ವರ್ಷ ಎದೆನೋವು ಬಂದು ಮಂಗಳೂರಿಗೆ ಒಯ್ದು ಎರಡು ಸ್ಟೆಂಟ್ ಹಾಕಿಸಿದರು. ಮನೆಗೆ ಕಳುಹಿಸುವಾಗ ಡಾಕ್ಟರು, ಎಣ್ಣೆ ಕಡಿಮೆ ಮಾಡಿ, ಹಸಿ ತರಕಾರಿ ಹೆಚ್ಚು ತಿನ್ನಿ ಎಂದರಂತೆ. ಇವರೋ ಜೀವಮಾನದಲ್ಲಿ ಹಸಿ ತರಕಾರಿ ಮುಟ್ಟಿದವರಲ್ಲ. ಬೆಂಗಳೂರಿನಲ್ಲಿರುವ ಮಗಳು ಅಪ್ಪನಿಗೆಂದು ಈ ಬಾಟಲಿಗಳನ್ನು ತಂದುಕೊಟ್ಟಳು. ಅದನ್ನು ಸುರಿದರೆ ಒಂದು ತಟ್ಟೆ ಸೌತೆ, ಕ್ಯಾರೆಟ್ ಖಾಲಿಯಾಗುತ್ತದೆ. ಸುರಿಯದಿದ್ದರೆ ತಟ್ಟೆ ಹಾಗೆಯೇ ಉಳಿಯುತ್ತದೆ. ಕಡಿಮೆ ಕೊಬ್ಬಿನದ್ದಲ್ಲವೇ ಎಂದು ಧಾರಾಳವಾಗಿ ಸುರಿಯುತ್ತಾರೆ. ರಾತ್ರಿಯ ಊಟವೆಂದರೆ ಅಷ್ಟೇ. ಮೀನುಸಾರಿನ ವಾಸನೆ ಬಂದರೆ ಆಸೆಯಾಗುತ್ತದೆಂದು ಮೇಜಿಗೂ ಬರುವುದಿಲ್ಲ, ಟಿವಿಯ ಮುಂದೆ ಒಬ್ಬರೇ ಕುಳಿತು ತಿನ್ನುತ್ತಾರೆ. ಇಷ್ಟೆಲ್ಲ ಮಾಡಿಯೂ ಕಳೆದ ಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಏರಿತ್ತು. "ನೀನೇ ಅಡುಗೆಯಲ್ಲಿ ಏನೋ ಹಾಕುತ್ತೀ" ಎಂದು ಅವರು ಹೇಳಿದ್ದು ಈ ಅಮ್ಮನಿಗೆ ಬಹಳ ನೋವಾಗಿತ್ತು. ಬಾಟಲಿಯ ಬರಹವೆಲ್ಲ ಇಂಗ್ಲಿಷ್. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಏಳನೆಯವರೆಗೆ.

ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸಿದರು, ದೈವಶಾಸ್ತ್ರ ಕಲಿಸಿದರು. ಬಾಟಲಿಯ ಹಿಂಬದಿ ಓದಲು ಯಾರೂ ಕಲಿಸಲಿಲ್ಲ. ಆದರೂ ಕನ್ನಡಕ ಹಾಕಿಕೊಂಡು ಓದಲು ಕುಳಿತೆವು. ಅರ್ಥವಾಗದ್ದನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ಪರಿಚಯದ ಸಿಸ್ಟರ್ ಒಬ್ಬರನ್ನು ಕೇಳಿ ತಿಳಿದುಕೊಂಡೆವು. ಹಾಗೆ ತಿಳಿದದ್ದನ್ನು ನಿಮಗೂ ಹೇಳಬೇಕೆನಿಸಿತು. ಏಕೆಂದರೆ ಈಗ ಇಂಥ ಬಾಟಲಿ ಇಲ್ಲದ ಫ್ರಿಜ್ ನಮ್ಮ ಕಾಸರಗೋಡಿನ ಕಡೆ ಕಡಿಮೆಯೇ. ಗುರುಮನೆಯ ಫ್ರಿಜ್ಜನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಮೊದಲು ಈ ಡ್ರೆಸಿಂಗ್ ಎಂಬುದು ಏನೆಂದು ನೋಡೋಣ. ಹೆಚ್ಚಿದ ತರಕಾರಿಯ ಮೇಲೆ ಸುರಿದು ಕಲಸುವ ಹುಳಿ-ಉಪ್ಪಿನ ರಸ, ಅಷ್ಟೇ. ಹಳೆಯ ಫ್ರೆಂಚ್ ಪದ್ಧತಿಯಲ್ಲಿ ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್. ಮಯನೇಸ್ ಇದರದ್ದೇ ಇನ್ನೊಂದು ರೂಪ. ಎಣ್ಣೆ ಮತ್ತು ವಿನೆಗರ್ ತಾವಾಗಿ ಬೆರೆಯುವುದಿಲ್ಲ. ಕೋಳಿಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬ ವಸ್ತು ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುತ್ತದೆ. ಅದರಿಂದ ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ತೂಕದಲ್ಲಿ ಬಹುಪಾಲು ಎಣ್ಣೆಯೇ. ಒಂದು ದೊಡ್ಡ ಚಮಚ ಮಯನೇಸ್‌ನಲ್ಲಿ ಸುಮಾರು 10 ಗ್ರಾಂ ಕೊಬ್ಬು, 90ರಿಂದ 100 ಕ್ಯಾಲೊರಿ. ಮೊಟ್ಟೆ ಹಾಕದ ವೆಜ್ ಮಯನೇಸ್‌ನಲ್ಲೂ ಎಣ್ಣೆ ಕಡಿಮೆಯಿರುತ್ತದೆಂದು ತಿಳಿಯಬೇಡಿ. ಅದರ ಮೇಲೆ 'ಕೊಲೆಸ್ಟರಾಲ್ ಇಲ್ಲ' ಎಂದು ಬರೆದಿರುತ್ತಾರೆ. ಅದು ಸುಳ್ಳಲ್ಲ. ಆದರೆ ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ; ನಮ್ಮ ಮನೆಯ ತೆಂಗಿನೆಣ್ಣೆಯಲ್ಲೂ ಇಲ್ಲ.

ಸರಿ, ಎಣ್ಣೆ ಹೆಚ್ಚಾಯಿತು, ತೆಗೆಯೋಣ ಎಂದರೆ ಆ ಜಾಗಕ್ಕೆ ಏನು ಬರಬೇಕು? ಇಲ್ಲಿಯೇ ಗಮನಿಸಬೇಕಾದ ವಿಷಯವಿದೆ. ಎಣ್ಣೆ ತೆಗೆದರೆ ಉಳಿಯುವುದು ಹುಳಿ ನೀರು. ಅದು ಗಟ್ಟಿಯಾಗಿ ಕಾಣಬೇಕಾದರೆ ಪಿಷ್ಟ ಬೇಕು, ಅಂಟಿನಂಥ ಪುಡಿ ಬೇಕು. ಎಣ್ಣೆ ಕೊಡುತ್ತಿದ್ದ ರುಚಿಯ ಜಾಗವನ್ನು ತುಂಬಲು ಸಕ್ಕರೆ ಬೇಕು, ಉಪ್ಪು ಬೇಕು. ಎಲ್ಲ ಬಾಟಲಿಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಆದರೆ ನಾವು ಓದಿದ ಆ ಬಾಟಲಿಯ ಪಟ್ಟಿಯಲ್ಲಿ ಮೊದಲ ಹೆಸರು ನೀರು, ಎರಡನೆಯದು ಸಕ್ಕರೆ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ಕಾನೂನು. ಎಂದರೆ ನೀರನ್ನು ಬಿಟ್ಟರೆ ಆ ಬಾಟಲಿಯಲ್ಲಿ ಅತಿ ಹೆಚ್ಚು ಇದ್ದದ್ದು ಸಕ್ಕರೆ. ಅದನ್ನು ಓದಿ ಹೇಳಿದಾಗ ಆ ಅಮ್ಮ ಮಾತನಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಚಹಾಕ್ಕೆ ನಾನು ಸಕ್ಕರೆ ಹಾಕುವುದು ಬಿಟ್ಟು ನಾಲ್ಕು ವರ್ಷ ಆಯಿತು ಫಾದರ್" ಎಂದರು.

ಬಾಟಲಿಯವರು ಸುಳ್ಳು ಹೇಳಿದರೇ? ಇಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡ ಪ್ರಾಧಿಕಾರದ 2018ರ ನಿಯಮದಂತೆ, ಗಟ್ಟಿ ಪದಾರ್ಥವಾದರೆ 100 ಗ್ರಾಂನಲ್ಲಿ 3 ಗ್ರಾಂಗಿಂತ ಹೆಚ್ಚು, ದ್ರವವಾದರೆ 100 ಮಿಲಿಲೀಟರಿನಲ್ಲಿ ಒಂದೂವರೆ ಗ್ರಾಂಗಿಂತ ಹೆಚ್ಚು ಕೊಬ್ಬು ಇಲ್ಲದಿದ್ದರೆ 'ಲೋ ಫ್ಯಾಟ್' ಎಂದು ಬರೆಯಬಹುದು. ಆ ಎರಡು ಪದಗಳು ಕೊಬ್ಬಿನ ಬಗ್ಗೆ ಮಾತ್ರ ಹೇಳುತ್ತವೆ. ಸಕ್ಕರೆಯ ಬಗ್ಗೆ, ಉಪ್ಪಿನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. 'ಲೈಟ್' ಎಂಬ ಪದ ಕಂಡರಂತೂ ಇನ್ನಷ್ಟು ಜಾಗ್ರತೆ ಬೇಕು. ಅದು ಸಾಮಾನ್ಯವಾಗಿ ಮಾಮೂಲಿ ಬಾಟಲಿಗೆ ಹೋಲಿಸಿ ಹೇಳುವ ಮಾತು. ಮಾಮೂಲಿಯದರಲ್ಲಿ 75 ಗ್ರಾಂ ಎಣ್ಣೆಯಿದ್ದು ಮೂರನೇ ಒಂದು ಪಾಲು ತೆಗೆದರೂ 50 ಗ್ರಾಂ ಉಳಿಯಿತಲ್ಲ!

ಆದ್ದರಿಂದ ಬಾಟಲಿಯ ಮುಂಬದಿಯನ್ನು ಬಿಟ್ಟು ಹಿಂಬದಿಯನ್ನು ನೋಡಬೇಕು. ಅಲ್ಲಿ ಒಂದು ಪಟ್ಟಿಯಿರುತ್ತದೆ. ಕೊಬ್ಬು, ಅದರಲ್ಲಿ ಸ್ಯಾಚುರೇಟೆಡ್ ಎಷ್ಟು, ಒಟ್ಟು ಸಕ್ಕರೆ ಎಷ್ಟು, ಮೇಲಿನಿಂದ ಸೇರಿಸಿದ ಸಕ್ಕರೆ ಎಷ್ಟು, ಸೋಡಿಯಂ ಎಷ್ಟು ಎಂದು 100 ಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ. ಪಕ್ಕದಲ್ಲಿ ಒಂದು ಸಲಕ್ಕೆ ಬಡಿಸುವ ಪ್ರಮಾಣವೆಂದು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ, ಎಂದಿರಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಒಂದೇ ಚಮಚ ಅಳೆದು ಹಾಕಿಕೊಳ್ಳುತ್ತಾರೆಯೇ? ನಾವು ಆ ಅಮ್ಮನಿಗೆ, ಯಜಮಾನರು ಸುರಿಯುವಷ್ಟನ್ನು ಒಂದು ಬಟ್ಟಲಿಗೆ ಸುರಿಯಿರಿ ಎಂದೆವು. ಆಮೇಲೆ ಚಮಚದಲ್ಲಿ ಅಳೆದೆವು. ನಾಲ್ಕು ಚಮಚ ತುಂಬಿ ಮೇಲೆ ಸ್ವಲ್ಪ ಉಳಿಯಿತು. ಈಗ ಲೆಕ್ಕ ಹಾಕಿ. ಒಂದು ಬಾಟಲಿಯಲ್ಲಿ 100 ಗ್ರಾಂಗೆ 20 ಗ್ರಾಂ ಸಕ್ಕರೆ ಇದೆಯೆಂದುಕೊಂಡರೆ, ನಾಲ್ಕು ಚಮಚಕ್ಕೆ, ಎಂದರೆ 60 ಗ್ರಾಂಗೆ, 12 ಗ್ರಾಂ ಸಕ್ಕರೆ. ಚಹಾದ ಚಮಚದಲ್ಲಿ ಮೂರು ಚಮಚ! ಸೋಡಿಯಂ 100 ಗ್ರಾಂಗೆ 800 ಮಿಲಿಗ್ರಾಂ ಎಂದಿದ್ದರೆ 60 ಗ್ರಾಂಗೆ 480 ಮಿಲಿಗ್ರಾಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 1.2 ಗ್ರಾಂ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಕಾಲು ಭಾಗ ಸೌತೆಕಾಯಿಯ ಮೇಲೆಯೇ ಮುಗಿಯಿತು. ಒಣಮೀನು, ಉಪ್ಪಿನಕಾಯಿ ಇನ್ನೂ ಬಡಿಸಿಲ್ಲ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರು, ಹಾಗಾದರೆ ಏನನ್ನೂ ಹಾಕದೆ ಬರೀ ತರಕಾರಿ ತಿನ್ನುವುದೇ ಲೇಸು ಎನ್ನಬಹುದು. ಮೊದಲು ನಾವೂ ಹಾಗೆಯೇ ಎಣಿಸಿದೆವು. ಸಿಸ್ಟರ್ ನಮ್ಮನ್ನು ತಿದ್ದಿದರು. ಕ್ಯಾರೆಟ್ಟಿನ ಕೇಸರಿ ಬಣ್ಣ, ಟೊಮೆಟೊದ ಕೆಂಪು, ಸೊಪ್ಪಿನೊಳಗೆ ಹಸಿರಿನ ಹಿಂದೆ ಅಡಗಿರುವ ಹಳದಿ, ಇವು ಕೆರೊಟಿನಾಯ್ಡ್ ಎಂಬ ಜಾತಿಯ ವಸ್ತುಗಳು. ಕ್ಯಾರೆಟ್ಟಿನದ್ದು ನಮ್ಮ ದೇಹದಲ್ಲಿ ಎ ವಿಟಮಿನ್ ಆಗುತ್ತದೆ. ಇವು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಅಮೆರಿಕದ ಅಯೋವಾ ರಾಜ್ಯದ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ಏಳು ಜನರಿಗೆ ಒಂದೇ ಬಗೆಯ ಸಲಾಡನ್ನು ಮೂರು ಬಗೆಯ ಡ್ರೆಸಿಂಗ್‌ನೊಂದಿಗೆ ಕೊಟ್ಟರು. ಒಂದರಲ್ಲಿ ಎಣ್ಣೆಯೇ ಇಲ್ಲ, ಒಂದರಲ್ಲಿ 6 ಗ್ರಾಂ, ಒಂದರಲ್ಲಿ 28 ಗ್ರಾಂ. ಎಣ್ಣೆಯಿಲ್ಲದ ಸಲಾಡ್ ತಿಂದಾಗ ಆ ಬಣ್ಣದ ವಸ್ತುಗಳು ರಕ್ತಕ್ಕೆ ಸೇರಿದ್ದು ಇಲ್ಲವೆನ್ನುವಷ್ಟು ಕಡಿಮೆ. 2012ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ಬೇರೆ ಬೇರೆ ಕೊಬ್ಬುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ, ಕೆನೋಲಾದಂಥ ಮೊನೊ-ಅನ್‌ಸ್ಯಾಚುರೇಟೆಡ್ ಕೊಬ್ಬು ಹೆಚ್ಚಿರುವ ಎಣ್ಣೆ 3 ಗ್ರಾಂ ಇದ್ದರೂ ಈ ಕೆಲಸ ಚೆನ್ನಾಗಿ ಆಗುತ್ತದೆಂದು ಕಂಡುಬಂತು. ಮೂರು ಗ್ರಾಂ ಎಂದರೆ ಚಹಾದ ಚಮಚ ಕೂಡ ತುಂಬುವುದಿಲ್ಲ.

ಇಲ್ಲಿ ನಮ್ಮ ಊಟದ ಕ್ರಮವನ್ನೂ ಗಮನಿಸಬೇಕು. ಆ ಪರೀಕ್ಷೆಗಳಲ್ಲಿ ಎಣ್ಣೆ ಇದ್ದದ್ದು ಸಲಾಡ್‌ನ ಮೇಲೆ ಮಾತ್ರ. ನಮ್ಮ ಮನೆಗಳಲ್ಲಿ ಹಸಿ ತರಕಾರಿ ಅನ್ನದ ತಟ್ಟೆಯ ಬದಿಯಲ್ಲಿ ಬರುವಂಥದ್ದು. ಪಕ್ಕದಲ್ಲಿ ತೆಂಗಿನಕಾಯಿ ಅರೆದ ಮೀನುಸಾರು ಇರುತ್ತದೆ, ಪಲ್ಯಕ್ಕೆ ಒಗ್ಗರಣೆ ಬಿದ್ದಿರುತ್ತದೆ. ಹಾಗಿರುವಾಗ ಸೌತೆಯ ಮೇಲೆ ಲಿಂಬೆರಸ, ಕಾಳುಮೆಣಸಿನ ಪುಡಿ, ಚಿಟಿಕೆ ಉಪ್ಪು ಹಾಕಿದರೆ ಧಾರಾಳವಾಯಿತು. ಎಣ್ಣೆಯ ಮಾತೇ ಬೇಡ. ಕೋಸಂಬರಿಯಲ್ಲಂತೂ ಎಲ್ಲವೂ ಇದೆ: ನೆನೆಸಿದ ಹೆಸರುಬೇಳೆ, ಸೌತೆ, ಹುಳಿ, ತುರಿದ ತೆಂಗಿನಕಾಯಿ. ಹಸಿ ಕಾಯಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ ಆದ್ದರಿಂದ ಒಂದು ಚಮಚ ತುರಿ ಸಾಕು. ಆದರೆ ಈ ಯಜಮಾನರ ಹಾಗೆ ರಾತ್ರಿ ಬರೀ ಸಲಾಡ್ ತಿನ್ನುವವರಿಗೆ ಅದೇ ತಟ್ಟೆಯಲ್ಲಿ ಒಂದು ಸಣ್ಣ ಚಮಚ ಎಣ್ಣೆ ಇರಲೇಬೇಕು.

ಯಾವ ಎಣ್ಣೆ? ತೆಂಗಿನೆಣ್ಣೆಯ ವಿಷಯ ಎತ್ತಿದರೆ ನಮ್ಮ ಕಡೆ ಮನೆಮನೆಯಲ್ಲೂ ಜಗಳ. ನಾವೂ ತೆಂಗಿನೆಣ್ಣೆಯ ಒಗ್ಗರಣೆ ಉಂಡೇ ಬೆಳೆದವರು. ಆದರೂ ಅದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು ಎಂಬುದು ನಿಜ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸಲಾಡಿಗೂ ಅದನ್ನೇ ಹಾಕುವ ಅಗತ್ಯವಿಲ್ಲ. ಎಳ್ಳೆಣ್ಣೆಯಲ್ಲಿ ಆ ಬಗೆಯ ಕೊಬ್ಬು ಏಳರಲ್ಲಿ ಒಂದು ಪಾಲಿನಷ್ಟು. ಹಸಿಯಾಗಿ ಹಾಕಿದರೂ ಒಳ್ಳೆಯ ಪರಿಮಳ. ನಮ್ಮ ಪೇಟೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಕಡಲೆಕಾಯಿ ಎಣ್ಣೆಯೂ ಆಗಬಹುದು. ಆಲಿವ್ ಎಣ್ಣೆ ಒಳ್ಳೆಯದೇ, ತೆಗೆದುಕೊಳ್ಳುವ ಶಕ್ತಿ ಇದ್ದರೆ. ಯಾವುದೇ ಆಗಲಿ, ಬಾಟಲಿಯಿಂದ ನೇರವಾಗಿ ಬಗ್ಗಿಸಬೇಡಿ, ಚಮಚದಲ್ಲಿ ಅಳೆದು ಹಾಕಿ. ಎಣ್ಣೆ ಯಾವುದಾದರೂ ಒಂದು ಗ್ರಾಂಗೆ 9 ಕ್ಯಾಲೊರಿಯೇ.

ಇನ್ನು ಆ ಕೆನೆಯಂಥ ಗಟ್ಟಿತನ. ಯಜಮಾನರಿಗೆ ಬೇಕಾದದ್ದು ಅದೇ. ಅದಕ್ಕೆ ಮೊಸರು ಇದೆಯಲ್ಲ! ಟೋನ್ಡ್ ಹಾಲಿನಲ್ಲಿ 100ಕ್ಕೆ 3 ಪಾಲು ಕೊಬ್ಬು, ಡಬಲ್ ಟೋನ್ಡ್‌ನಲ್ಲಿ ಒಂದೂವರೆ. ಅಂಥ ಹಾಲಿಗೆ ಹೆಪ್ಪು ಹಾಕಿದ ಮೊಸರು ಆ ಬಾಟಲಿಯ 'ಲೋ ಫ್ಯಾಟ್' ಗೆರೆಯೊಳಗೆ ತಾನಾಗಿಯೇ ಬರುತ್ತದೆ. ಸೇರಿಸಿದ ಸಕ್ಕರೆ ಇಲ್ಲ, ಉಪ್ಪು ನಮ್ಮ ಕೈಯಲ್ಲೇ ಇದೆ. (ಎಮ್ಮೆ ಹಾಲಿನದ್ದಾದರೆ ಕೊಬ್ಬು ಇದರ ಎರಡು ಪಾಲಿಗಿಂತಲೂ ಹೆಚ್ಚು, ಕೆನೆ ತೆಗೆಯಬೇಕು.) ಮೊಸರನ್ನು ತೆಳುಬಟ್ಟೆಯಲ್ಲಿ ಒಂದು ಗಂಟೆ ಕಟ್ಟಿ ನೀರು ಇಳಿಸಿದರೆ ಮಯನೇಸ್‌ನಷ್ಟೇ ಗಟ್ಟಿಯಾಗುತ್ತದೆ. ತಂಬುಳಿ ಮಾಡಿ ಗೊತ್ತಿರುವ ಕೈಗೆ ಮುಂದಿನದು ಹೇಳಿಕೊಡಬೇಕಾಗಿಲ್ಲ. ಆದರೂ ಆ ಅಮ್ಮನಿಗೆ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಇಲ್ಲಿ ಹಾಕುತ್ತೇವೆ. ನೀರಿಳಿಸಿದ ಮೊಸರು ಅರ್ಧ ಕಪ್. ಒಂದು ಸಣ್ಣ ಎಸಳು ಬೆಳ್ಳುಳ್ಳಿ, ಅರ್ಧ ಹಸಿಮೆಣಸು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಇವನ್ನು ಅರೆದು ಮೊಸರಿಗೆ ಸೇರಿಸಿ. ಹುರಿದ ಜೀರಿಗೆಯ ಪುಡಿ ಚಿಟಿಕೆ, ಉಪ್ಪು ಚಿಟಿಕೆ, ಎಳ್ಳೆಣ್ಣೆ ಒಂದು ಸಣ್ಣ ಚಮಚ. ಬೇಕಾದರೆ ಕೆಲವು ಹನಿ ಲಿಂಬೆರಸ. ಕಲಸಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಇರುತ್ತದೆ, ಅದಕ್ಕಿಂತ ಹೆಚ್ಚು ಇಡಬೇಡಿ. ತಿನ್ನುವ ಹೊತ್ತಿಗೇ ತರಕಾರಿಗೆ ಬೆರೆಸಿ. ಮೊದಲೇ ಬೆರೆಸಿಟ್ಟರೆ ಉಪ್ಪು ಸೌತೆಯ ನೀರನ್ನೆಲ್ಲ ಹೊರಗೆ ಎಳೆದು ತಟ್ಟೆ ಕೆರೆಯಾಗುತ್ತದೆ.

ಮೊಸರು ಒಗ್ಗದವರಿಗೆ ನಮ್ಮ ಮದುವೆಮನೆಗಳ ಸಲಾಡ್ ಇದ್ದೇ ಇದೆ. ಸೌತೆ, ನೀರುಳ್ಳಿ, ಹಸಿಮೆಣಸು, ವಿನೆಗರ್. ತೆಂಗಿನ ಕಳ್ಳಿನ ವಿನೆಗರ್ ಸಿಕ್ಕಿದರೆ ಅದರ ರುಚಿಯೇ ಬೇರೆ. ಎಣ್ಣೆ ಬೆರೆಸಬೇಕೆಂದಿದ್ದರೆ ಫ್ರೆಂಚರ ಲೆಕ್ಕವನ್ನು ಬಿಟ್ಟು, ಎರಡು ಪಾಲು ವಿನೆಗರ್‌ಗೆ ಒಂದು ಪಾಲು ಎಣ್ಣೆ ಹಾಕಿ, ಹುಳಿ ಹೆಚ್ಚಾದರೆ ಸ್ವಲ್ಪ ನೀರು ಸೇರಿಸಿ. ಅರ್ಧ ಚಮಚ ಸಾಸಿವೆ ಪುಡಿ ಹಾಕಿ ಮುಚ್ಚಳದ ಸೀಸೆಯಲ್ಲಿ ಕುಲುಕಿದರೆ ಎಣ್ಣೆ ಬೇಗನೆ ಬೇರ್ಪಡುವುದಿಲ್ಲ. ಮೊಟ್ಟೆ ಮಾಡುವ ಕೆಲಸವನ್ನು ಸಾಸಿವೆ ಸ್ವಲ್ಪಮಟ್ಟಿಗೆ ಮಾಡುತ್ತದೆ. ಕೆಲವರು ಇದಕ್ಕೆ ಜೇನು ಹಾಕುತ್ತಾರೆ, ಸಕ್ಕರೆಯಲ್ಲವಲ್ಲ ಎಂದು. ಸಕ್ಕರೆ ಕಾಯಿಲೆಯವರಿಗೆ ಜೇನೂ ಸಕ್ಕರೆಯೇ.

ಒಂದು ಎಚ್ಚರಿಕೆ. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಹಸಿರು ಸೊಪ್ಪನ್ನು ಹೆಚ್ಚಿಸಬಾರದು. ಅದರಲ್ಲಿರುವ ಕೆ ವಿಟಮಿನ್ ಮಾತ್ರೆಯ ಕೆಲಸವನ್ನು ಕೆಡಿಸುತ್ತದೆ. ಡಾಕ್ಟರಿಗೆ ಹೇಳಿಯೇ ಮಾಡಿ. ಕಿಡ್ನಿ ತೊಂದರೆ ಇರುವವರೂ ಹಾಗೆಯೇ.

ಗುರುಮನೆಯ ಫ್ರಿಜ್ಜಿನ ಮಾತೂ ಬಾಕಿ ಇದೆ. ನಮ್ಮ ಯುವಜನರು ಸಭೆ ಮುಗಿಸಿ ಅಲ್ಫಾಮ್ ತರಿಸಿದಾಗಲೆಲ್ಲ ಅದರ ಜೊತೆ ಬರುವ ಮಯನೇಸ್‌ನ ಸಣ್ಣ ಪೊಟ್ಟಣಗಳು ಉಳಿಯುತ್ತವೆ. ಎಸೆಯುವುದೇಕೆ ಎಂದು ನಾವು ಫ್ರಿಜ್ಜಿನ ಬಾಗಿಲಲ್ಲಿ ಇಡುತ್ತಿದ್ದೆವು, ಆಗಾಗ ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಿದ್ದೆವು ಕೂಡ. 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವು ಮಂದಿ ಅಸ್ವಸ್ಥರಾದದ್ದು, ಒಬ್ಬ ವಿದ್ಯಾರ್ಥಿನಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಆಗ ಶಿಗೆಲ್ಲಾ ಎಂಬ ರೋಗಾಣು ಪತ್ತೆಯಾಯಿತು. ಮುಂದೆ 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯನೇಸನ್ನು ನಿಷೇಧಿಸಿತು. ಪಾಶ್ಚರೀಕರಿಸಿದ ಮೊಟ್ಟೆಯದ್ದು ಅಥವಾ ಮೊಟ್ಟೆಯಿಲ್ಲದ್ದು ಮಾಡಬಹುದು ಎಂದಿತು. ತೆಲಂಗಾಣ 2024ರ ಅಕ್ಟೋಬರಿನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದು ವರ್ಷದ ಮಟ್ಟಿಗೆ ಇಂಥದೇ ನಿಷೇಧ ತಂದವು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು. ನಮ್ಮ ಊರಿನ ಸೆಕೆಯಲ್ಲಿ ಹೊರಗಿಟ್ಟರೆ ಅದು ಬೇಗ ಬೆಳೆಯುತ್ತದೆ. ಆದ್ದರಿಂದ ಮನೆಯಲ್ಲಿ ಮಿಕ್ಸಿಯಲ್ಲಿ ಮಯನೇಸ್ ಮಾಡುವ ಅಕ್ಕತಂಗಿಯರೇ, ಹಸಿ ಮೊಟ್ಟೆ ಬಿಡಿ. ನಮ್ಮ ಪೊಟ್ಟಣಗಳು ಅದೇ ಭಾನುವಾರ ಕಸದ ಬುಟ್ಟಿಗೆ ಹೋದವು. ನಮ್ಮ ಅಡುಗೆಯವರು ಏನೂ ಹೇಳಲಿಲ್ಲ. ಮೊದಲೇ ಹೇಳಿದ್ದೆನಲ್ಲ ಎಂಬಂತೆ ಒಮ್ಮೆ ನೋಡಿದರು, ಅಷ್ಟೇ.

ಹದಿನೈದು ದಿನ ಕಳೆದ ಮೇಲೆ ಆ ಮನೆಗೆ ಹೋಗಿದ್ದೆವು. ರಾತ್ರಿ ಎಂಟು ಗಂಟೆ. ಯಜಮಾನರು ಮೇಜಿನ ಬಳಿಯೇ ಇದ್ದರು. ಈಗ ಒಂದು ಸೌಟು ಕುಚ್ಚಲಕ್ಕಿ ಅನ್ನ, ತೆಳ್ಳಗೆ ಕಾಯಿ ಅರೆದ ಬಂಗುಡೆ ಸಾರು, ದೊಡ್ಡ ತಟ್ಟೆಯಲ್ಲಿ ಸೌತೆ, ಕ್ಯಾರೆಟ್, ಟೊಮೆಟೊ. ಡಾಕ್ಟರನ್ನು ಕೇಳಿದ್ದಕ್ಕೆ, ಮೀನು ಬಿಡಲು ನಾನು ಯಾವಾಗ ಹೇಳಿದೆ, ಹುರಿದದ್ದು ಬೇಡ ಎಂದೆ ಅಷ್ಟೇ ಎಂದರಂತೆ! ಮೊಸರಿನ ಡ್ರೆಸಿಂಗನ್ನು ಅವರೇ ಮಾಡುತ್ತಾರಂತೆ, ಹೆಂಡತಿಯನ್ನು ಹತ್ತಿರ ಬರಗೊಡುವುದಿಲ್ಲ. "ಫಾದರ್, ಚೀಟಿಯಲ್ಲಿ ಒಂದು ಎಸಳು ಬೆಳ್ಳುಳ್ಳಿ ಎಂದು ಬರೆದದ್ದು ನೀವಲ್ಲವಾ? ಇವರು ಐದು ಹಾಕುತ್ತಾರೆ. ಅತ್ತೆ ಈಗ ಮೇಜಿನ ಆ ತುದಿಗೆ ಹೋಗಿ ಕುಳಿತುಕೊಳ್ಳುತ್ತಾರೆ" ಎಂದು ಅಮ್ಮ ದೂರು ಹೇಳಿದರು. ಯಜಮಾನರು ನಕ್ಕರು. ಹೆಂಡತಿಯ ಮೇಲೆ ಹಾಕಿದ ಆ ಮಾತಿನ ಬಗ್ಗೆ ನಾವು ಕೇಳಲಿಲ್ಲ, ಅವರೂ ಎತ್ತಲಿಲ್ಲ. ಆದರೆ ಅಮ್ಮನ ತಟ್ಟೆಗೆ ಮೊದಲು ಸಲಾಡ್ ಬಡಿಸಿದ್ದು ಅವರೇ.

ಮುಂದಿನ ರಕ್ತಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಆ ಹಸಿರು ಎಲೆಯ ಬಾಟಲಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಎಳ್ಳೆಣ್ಣೆ ತುಂಬಿ ಒಲೆಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು. ಕುತ್ತಿಗೆಗೆ ದಾರ ಕಟ್ಟಿ ಒಂದು ಸಣ್ಣ ಚಮಚ ನೇತುಹಾಕಿತ್ತು.